ನಲವತ್ತು ನಿಮಿಷ ಹೂಂಗುಟ್ಟದೆ

ಆಫೀಸಿನ ಅಂಬರೀಶ ಸರ್ ಫೋನ್ ಬಂದಾಗ ನಾನು ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಸವಣೂರಿನ ಬಸ್ಸಿಗಾಗಿ ಮುಕ್ಕಾಲು ಗಂಟೆಯಿಂದ ನಿಂತಿದ್ದೆ.

"ಸಂಘಮಿತ್ರಾ, ಹೋದ ವಾರ ನೀವು ಕಳಿಸಿದ ಹದಿನಾಲ್ಕು ಫೈಲ್ ಕೇಳಿದೆ. ಹನ್ನೊಂದರಾಗ ನೀವ ಅದೀರಿ."

"ನಾ ಮಾತಾಡಿಲ್ರಿ ಸರ್."

"ಮಾತಾಡಿಲ್ಲ. ಹ್ಞೂಂ ಅಂದೀರಿ. ಅಕ್ಕಿಆಲೂರಿನ ರೈಸ್ ಮಿಲ್ಲಿನ ಅಜ್ಜಾರ ಫೈಲಿನಾಗ ಅರವತ್ತೆರಡು ಸಲ. ಕುಂತು ಎಣಿಸೇನಿ. ಎದುರಿಗೆ ಕುಂತ ಅವರ ಮಗ ಬರೇ ಆರು ಸಲ ಅಂದಾನ. ಕೇಳಿದವರು ನಿಮ್ಮನ್ನ ಅವರ ಮಗಳು ಅಂತ ತಿಳ್ಕೋತಾರ."

"ಇನ್ನ ಮ್ಯಾಲೆ ಆಗೂದಿಲ್ರಿ."

"ಮತ್ತೊಮ್ಮೆ ಆದ್ರ ಮುಂದಿನ ತಿಂಗಳಿಂದ ಬ್ಯಾರೆಯವರನ್ನ ನೋಡ್ರಿ ಅಂತ ಮ್ಯಾಲಿನವರು ಅಂದಾರ. ನಾ ಅಂದಿದ್ದಲ್ಲ ಮತ್ತ."

ಅವರು ಯಾವಾಗಲೂ ಹಾಗೆ, ಕೆಟ್ಟ ಮಾತನ್ನೆಲ್ಲ ಮೇಲಿನವರ ಬಾಯಿಯಲ್ಲಿ ಇಟ್ಟು ಆಡುತ್ತಾರೆ.

ನಮ್ಮ ಸಂಸ್ಥೆಯ ಕೆಲಸ ಹೇಳಲಿಕ್ಕೆ ಸುಲಭ. ಒಬ್ಬರಿಗೊಬ್ಬರು ಬೇಕಾದವರು ಇಬ್ಬರು ಎದುರುಬದುರು ಕೂತು ನಲವತ್ತು ನಿಮಿಷ ತಮ್ಮ ಬದುಕಿನ ಬಗ್ಗೆ ಮಾತಾಡಬೇಕು. ನಾನು ಅದನ್ನು ಸಂಸ್ಥೆಯ ಸಂಗ್ರಹಕ್ಕಾಗಿ ರೆಕಾರ್ಡ್ ಮಾಡಬೇಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕು ತಾಲೂಕಿಗೆ ನಾನೊಬ್ಬಳೇ. ಕೋಣೆಯಲ್ಲಿ ಮೂರನೆಯವರು ಇರಬಾರದು. ನಾನು ಇರುತ್ತೇನೆ, ಆದರೆ ಇಲ್ಲದ ಹಾಗೆ. ಕೆಮ್ಮಬಾರದು, ನಗಬಾರದು, ಹೂಂಗುಟ್ಟಬಾರದು. ಮಾತಾಡುವವರಿಗೂ ಹೇಳಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಸದ್ದು ಮಾಡಬೇಡಿ, ತಲೆ ಆಡಿಸಿದರೆ ಸಾಕು ಅಂತ. ಇದನ್ನು ಎಂಟು ತಿಂಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನನಗೇ ಪಾಲಿಸಲು ಬರುವುದಿಲ್ಲ.

ತಪ್ಪು ಆಯಿಯದು. ಆಯಿ ಅಂದರೆ ನನ್ನ ಅಪ್ಪನ ಅವ್ವ, ಅಡಿವೆವ್ವ. ನಾನು ಆಕೆಯ ಕಥೆಗಳನ್ನು ಉಂಡೇ ಬೆಳೆದವಳು. ಹ್ಞೂಂ ಅನ್ನದಿದ್ದರೆ ಆಕೆ ಕಥೆಯನ್ನು ಎಲ್ಲಿತ್ತೋ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ರಾಜನ ಮಗ ಹಗ್ಗ ಹಿಡಿದು ಬಾವಿಯಲ್ಲಿ ಅರ್ಧ ಇಳಿದಿರಲಿ, "ಹ್ಞೂಂ ಅನ್ನಾಕಿ ಮಕ್ಕೊಂಡ್ಲು, ಇವ ಮುಂಜಾನಿ ಮಟಾ ಇಲ್ಲೇ ಜೋತಾಡ್ಲಿ" ಎಂದು ಆ ಕಡೆ ಹೊರಳುತ್ತಿದ್ದಳು. ನಾನು ನಿದ್ದೆಗಣ್ಣಲ್ಲಿ ಹ್ಞೂಂ, ಹ್ಞೂಂ ಎಂದು ಅವನನ್ನು ಕೆಳಗಿಳಿಸುತ್ತಿದ್ದೆ. ಈಗ ಯಾರು ಬಾಯಿ ತೆರೆದರೂ ನನ್ನ ಗಂಟಲು ತಾನಾಗಿಯೇ ಸದ್ದು ಮಾಡುತ್ತದೆ.

ಬಸ್ಸು ಬಂತು. ಆಧಾರ್ ಕಾರ್ಡು ತೋರಿಸಿ ಉಚಿತ ಟಿಕೆಟ್ ಹರಿಸಿಕೊಂಡು ಸವಣೂರಿನವರೆಗೆ ನಿಂತೇ ಹೋದೆ.

ಸ್ಟ್ಯಾಂಡಿನಲ್ಲಿ ಹೇಮಾ ಕಾಯುತ್ತಿದ್ದರು. ಅಕ್ಕಿಆಲೂರಿನಲ್ಲಿ ಆಶಾ ಕಾರ್ಯಕರ್ತೆ, ಮೂವತ್ತೆಂಟರ ಹೆಂಗಸು. ಗುಲಾಬಿ ಸೀರೆಯ ಮೇಲೆಯೇ ಬಂದಿದ್ದರು, ಮುಂಜಾನೆ ಇಬ್ಬರು ಬಾಣಂತಿಯರ ಮನೆಗೆ ಹೋಗಿ ಬರಬೇಕಾಗಿತ್ತಂತೆ. ಸಂತೆಯಲ್ಲಿ ನಾನು ಹಂಚಿದ ಚೀಟಿ ನೋಡಿ ತಾವಾಗಿಯೇ ಫೋನ್ ಮಾಡಿದವರು. ಹಾಗೆ ಮಾಡುವವರು ಕಡಿಮೆ.

"ಮೊದಲ ಹೇಳಿಬಿಡ್ತೇನ್ರಿ," ಎಂದರು ನಡೆಯುತ್ತ. "ನಾವು ನಾಲ್ಕು ಮಂದಿ ಅಕ್ಕ ತಂಗೇರು. ನಾ ಕಡೇದಾಕಿ. ನನ್ನ ಹಡದಾಕಿ ಒಂಬತ್ತು ತಿಂಗಳಿಗೆ ನನ್ನನ್ನ ಆಕಿ ಅಕ್ಕನ ಉಡಿಯಾಗ ಹಾಕಿದ್ಲು, ಆಕಿಗೆ ಮಕ್ಕಳಿರಲಿಲ್ಲ. ಹಿರೇಕೆರೂರ ಕಡೆ ಬೆಳದೆ. ಸಾಕಿದಾಕಿಗೆ ಅವ್ವ ಅಂದೆ, ಹಡದಾಕಿಗೆ ಚಿಗವ್ವ ಅಂತೇನಿ. ಸಾಕಿದ ಅವ್ವ ಭರಮವ್ವ ಹೋದ ಶ್ರಾವಣದಾಗ ತೀರಿಕೊಂಡ್ಲು."

ನಾನು ಹ್ಞೂಂ ಅಂದೆ. ರೆಕಾರ್ಡರ್ ಇನ್ನೂ ಚೀಲದಲ್ಲಿತ್ತು.

"ನನಗ ಒಂದ ಕೇಳೂದೈತ್ರಿ. ನಾಲ್ಕರಾಗ ನಾನ ಯಾಕ? ಮಂದಿ ಅಂತಾರ, ನಾಲ್ಕನೇದೂ ಹೆಣ್ಣಾತು, ಬ್ಯಾಡಾಗಿತ್ತು, ಕೊಟ್ಲು ಅಂತ. ಇರಬಹುದು. ಆದ್ರ ಅದನ್ನ ಆಕಿ ಬಾಯಿಲೆ ಕೇಳಬೇಕು. ಇಪ್ಪತ್ತು ವರ್ಷದಿಂದ ಕೇಳಾಕತ್ತೇನಿ. ಕೇಳಿದಾಗೊಮ್ಮೆ ಚಾ ಮಾಡ್ತಾಳ. ಚಾ ಕುಡದು ಕುಡದು ನನಗ ಪಿತ್ತ ಆತು, ಉತ್ತರ ಸಿಗಲಿಲ್ಲ."

ನಗಲಿಲ್ಲ ಅವರು. ನಾನೂ ನಗಲಿಲ್ಲ. ಆಯಿಯ ಕಥೆಗಳಲ್ಲಿ ಮನೆಯಿಂದ ಹೊರಬೀಳುವುದು ಯಾವಾಗಲೂ ಕಿರಿಯ ಮಗಳೇ. ಆದರೆ ಅಲ್ಲಿ ಅದಕ್ಕೆ ದೊಡ್ಡ ಕಾರಣ ಇರುತ್ತದೆ, ಏಳು ಸಮುದ್ರದಾಚೆಯ ಶಾಪವೋ, ಕಾಡಿನ ಮುದುಕಿಗೆ ಕೊಟ್ಟ ಮಾತೋ. ಹೇಮಾ ಅವರಿಗೂ ಅಂಥದ್ದೊಂದು ಇದ್ದೀತು ಎಂದು ನಾನು ಆಗಲೇ ಕನಸು ಕಟ್ಟತೊಡಗಿದ್ದೆ.

ಮನೆ ಎಲೆತೋಟದ ಹಾದಿಯಲ್ಲಿತ್ತು. ಪಡಸಾಲೆಯಲ್ಲಿ ಒದ್ದೆ ಗೋಣಿಯ ಮೇಲೆ ವೀಳ್ಯದೆಲೆ ರಾಶಿ. ಹೇಮಾ ಅವರನ್ನು ಹೆತ್ತ ಫಕ್ಕೀರವ್ವ ಎಲೆ ಎಣಿಸಿ ನೂರರ ಕಟ್ಟು ಕಟ್ಟುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು, ಬೆರಳು ಮಾತ್ರ ಎಣಿಕೆ ತಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಎಲೆ ತೊಳೆದು ಕೊಡುತ್ತಿದ್ದವಳು ಮೂರನೇ ಮಗಳು ತನುಜಾ. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ತವರಲ್ಲೇ ಇದ್ದು ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ.

"ಬರ್ರಿ, ಬರ್ರಿ. ರೇಡಿಯೋದಾಕಿ ಬಂದ್ಲು ನೋಡವ್ವ," ಎಂದಳು ತನುಜಾ. "ನಿಮ್ಮ ಹೆಸರೇನ್ರಿ?"

"ಸಂಘಮಿತ್ರಾ."

"ಅಷ್ಟುದ್ದ ನನ್ನ ಬಾಯಾಗ ಹಿಡಿಯೂದಿಲ್ಲವಾ, ಹಲ್ಲಿಲ್ಲ," ಎಂದರು ಫಕ್ಕೀರವ್ವ. "ಸಂಗವ್ವ ಅಂತೇನಿ, ನಡೀತೈತಿ?"

"ನಡೀತೈತ್ರಿ ಆಯಿ."

ತನುಜಾ ಹೇಮಾ ಅವರ ಕೈಯಿಂದ ಚೀಲ ಇಸಿದುಕೊಂಡು ಅವರ ಮುಖ ನೋಡಿದಳು. "ಎಷ್ಟ್ ಸೊರಗೀದಿ ತಂಗಿ. ಊರ ಮಂದಿ ಮಕ್ಕಳನ್ನ ತೂಗಿ ತೂಗಿ ನೀನ ತೂಕ ಕಳ್ಕೊಂಡಿ."

ಮೂರನೆಯವರು ಇರಬಾರದು ಎಂಬ ನಿಯಮ ಹೇಳಿದೆ. ತನುಜಾ ಬೇಸರ ಮಾಡಿಕೊಳ್ಳಲಿಲ್ಲ. "ನಾ ಪ್ಯಾಟಿಗೆ ಹೋಗಿ ಹೇಮಾಗ ತಿನ್ನಾಕ ಖಾರಾ ತರತೇನಿ. ತಾಸು ಬಿಟ್ಟ ಬರ್ತೇನಿ. ಅವ್ವಾ, ನನ್ನ ಬಗ್ಗೆ ಕೆಟ್ಟದ್ದ ಹೇಳಿಗೀಳೀ ಮತ್ತ, ಮಷೀನ್ ಹಿಡಕೊಂಡಬಿಡತೈತಿ." ಚಪ್ಪಲಿ ಸದ್ದು ಓಣಿಯಲ್ಲಿ ದೂರವಾಯಿತು.

ನಾನು ಬಾಗಿಲು ಮುಂದೆ ಮಾಡಿದೆ. ಫ್ಯಾನ್ ಆರಿಸಿದೆ. ಎಲೆಯ ಸರಸರ ರೆಕಾರ್ಡ್ ಆಗುತ್ತದೆಂದು ಗೋಣಿಯನ್ನು ಪಕ್ಕಕ್ಕೆ ಸರಿಸಿದೆ. ಹೇಮಾ ಅವರಿಗೆ ಹೇಳಿದೆ, ಆಯಿ ಮಾತಾಡುವಾಗ ಸದ್ದು ಬೇಡ, ತಲೆ ಆಡಿಸಿರಿ. ಹೇಳುವಾಗ ನನಗೆ ಅಂಬರೀಶ ಸರ್ ಎಣಿಸಿದ ಅರವತ್ತೆರಡೇ ತಲೆಯಲ್ಲಿತ್ತು. ಕೆಂಪು ದೀಪ ಹತ್ತಿತು.

"ಚಿಗವ್ವಾ," ಎಂದರು ಹೇಮಾ. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದರೋ, ದನಿ ಒಣಗಿತ್ತು. "ನಾಲ್ಕು ಮಕ್ಕಳೊಳಗ ನನ್ನನ್ನ ಯಾಕ ಕೊಟ್ಟಿ? ಇವತ್ತ ಹೇಳು. ಚಾ ಬ್ಯಾಡ."

ಫಕ್ಕೀರವ್ವ ಬಾಗಿಲ ಕಡೆ ಕಿವಿ ಕೊಟ್ಟರು. ಖಾಲಿ ಬೆರಳು ಮಡಿಲಲ್ಲಿ ಏನನ್ನೋ ಹುಡುಕುತ್ತಿದ್ದವು.

"ತನುಜಾ ಹೋದ್ಲು?"

"ಹೋದ್ಲು."

"ಭರಮಿಗೆ ಲಗ್ನಾಗಿ ಹನ್ನೆರಡು ವರ್ಷ ಆಗಿತ್ತು. ಹೊಟ್ಟಿ ತೆರೀಲಿಲ್ಲ." ನಿಂತರು. ಹೇಮಾ ತಲೆ ಆಡಿಸಿದರು. "ಆಕಿ ಅತ್ತಿ ಮಗಗ ಎರಡನೇ ಹೆಣ್ಣು ನೋಡಾಕ ಹತ್ತಿದ್ಲು." ಮತ್ತೆ ನಿಂತರು. ಹೇಮಾ ಮತ್ತೆ ತಲೆ ಆಡಿಸಿದರು. ಮುದುಕಿ ಕತ್ತು ಚಾಚಿ ಮಗಳಿದ್ದ ದಿಕ್ಕಿಗೆ ನೋಡಿದರು. ಗೋಡೆಯ ಗಡಿಯಾರ ಟಕಟಕ ಅನ್ನುತ್ತಿತ್ತು. "ಒಂದಿನ ಬಂದು ನನ್ನ ಮುಂದ ಕುಂತ್ಲು..."

ಅಷ್ಟೇ. ಮುಖ ಮುಚ್ಚಿಕೊಂಡ ಹಾಗಾಯಿತು.

"ಮುಂದೇನಾತು?" ಎಂದರು ಹೇಮಾ.

"ಮರತೇನವ್ವಾ. ಹಳೇದು. ಈಗ್ಯಾಕ ಬಿಡು." ಮೊಣಕಾಲು ಹಿಡಿದು ಏಳಲು ನೋಡಿದರು. "ಸಂಗವ್ವಗ ಒಂಚೂರು ಚಾ ಮಾಡ್ತೇನಿ."

ಹೇಮಾ ನನ್ನತ್ತ ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸರದಿ ಸಾಲಿನಲ್ಲಿ ದಿನವಿಡೀ ನಿಂತು, ಕಿಟಕಿ ಮುಚ್ಚಿದ್ದನ್ನು ನೋಡಿದವರ ಮುಖ ಹಾಗಿರುತ್ತದೆ. ಬಗ್ಗಿ ಚೀಲ ಎತ್ತಿಕೊಂಡರು.

ಆಗ ನನಗೆ ತಿಳಿಯಿತು ನಾನು ಏನು ಮಾಡಿದ್ದೆ ಅಂತ. ಕಣ್ಣು ಕಾಣದ ಮುದುಕಿಗೆ ತಲೆ ಆಡಿಸಿದ್ದು ಯಾವ ಲೆಕ್ಕ? ಒಂದು ಮಾತು ಆಡಿ ಅವರು ಕಾದಿದ್ದರು, ಆ ಕಡೆಯಿಂದ ಏನೂ ಬರಲಿಲ್ಲ. ಇನ್ನೊಂದು ಆಡಿ ಕಾದರು. ಮಗಳು ಕಲ್ಲಾಗಿ ಕೂತಿದ್ದಾಳೆ, ತನ್ನ ಮಾತು ಆಕೆಗೆ ಬೇಡ ಎಂದುಕೊಂಡರು. ಹೂಂಗುಡುವವರಿಲ್ಲದೆ ನಮ್ಮ ಆಯಿ ಒಂದು ಕಾಗಕ್ಕ ಗುಬ್ಬಕ್ಕನ ಕಥೆಯನ್ನೂ ಮುಗಿಸಿದವಳಲ್ಲ. ಇವರು ಇಂಥದನ್ನು ಹೇಗೆ ಮುಗಿಸಿಯಾರು?

ಗೋಣಿಯನ್ನು ಮತ್ತೆ ಅವರ ಮುಂದೆ ಎಳೆದು ತಂದೆ.

"ಆಯಿ, ಎಲಿ ಎಣಸ್ಕೋತ ಹೇಳ್ರಿ."

"ಸಪ್ಪಳ ಆಗ್ತೈತಿ ಅಂದಿದ್ದಿ ಅಲ್ಲವಾ?"

"ಆಗಲಿ. ಹೇಮಾ ಅವರ ಬಾಯಿಗೆ ಬೀಗ ಹಾಕಿದಾಕಿ ನಾನ್ರಿ. ಅವರು ಕೇಳಾಕತ್ತಾರ. ಇಲ್ಲೇ ಅದಾರ."

ಫಕ್ಕೀರವ್ವ ಕೈ ಚಾಚಿದರು. ಹೇಮಾ ಚೀಲ ಕೆಳಗಿಟ್ಟು ಮುಂದೆ ಸರಿದು ಕೂತರು. ಮುದುಕಿಯ ಬೆರಳು ಮಗಳ ಮೊಣಕಾಲನ್ನು ಮುಟ್ಟಿ ನೋಡಿ, ಎಲೆಯ ರಾಶಿಗೆ ಮರಳಿದವು. ರೆಕಾರ್ಡರ್ ಓಡುತ್ತಲೇ ಇತ್ತು.

"ಭರಮಿ ಬಂದು ನನ್ನ ಮುಂದ ಕುಂತ್ಲು."

ಹೇಮಾ ಬಾಯಿ ತೆರೆದರು. ಸದ್ದು ಹೊರಡಲಿಲ್ಲ. ಮುದುಕಿಯ ಬೆರಳು ಎಲೆಯ ಮೇಲೆ ನಿಂತವು.

"ಹ್ಞೂಂ," ಎಂದೆ ನಾನು.

"ಬಾಯಿಬಿಟ್ಟು ಕೇಳಲಿಲ್ಲ. ಸೆರಗು ಹಿಡದು ಉಡಿ ಒಡ್ಡಿದ್ಲು. ಒಡಹುಟ್ಟಿದಾಕಿ ಉಡಿ ಒಡ್ಡಿದ್ರ ಇಲ್ಲ ಅನ್ನಾಕ ಬರತೈತೇನು?"

"ಹ್ಞೂಂ."

"ಆತು ಅಂದ್ನಿ. ನಿನ್ನಲ್ಲವಾ ಹೇಮಾ. ತನುಜಾನ್ನ ಕೊಡ್ತೇನಿ ಅಂದ್ನಿ. ಆಕಿಗೆ ಎರಡೂವರಿ ವರ್ಷ, ಮೊಲಿ ಬಿಟ್ಟಿದ್ಲು, ರೊಟ್ಟಿ ತಿಂತಿದ್ಲು. ಹಾಲು ಕುಡಿಯೂ ಕೂಸನ್ನ ಯಾರ ಕೊಡ್ತಾರ? ತನುಜಾಗ ಹಳದೀದೊಂದು ಫ್ರಾಕ್ ಹೊಲಿಸಿದ್ನಿ. ಯಲವಿಗಿ ಸ್ಟೇಶನ್ನಿಗೆ ಕರಕೊಂಡು ಹೋದ್ವಿ. ನೀ ನನ್ನ ಬಗಲಾಗ ಇದ್ದಿ, ಮನ್ಯಾಗ ಬಿಟ್ಟು ಬರಾಕ ಯಾರಿರಲಿಲ್ಲ ಅಂತ ತಂದಿದ್ನಿ, ಅಷ್ಟ."

"ಹ್ಞೂಂ."

"ಗಾಡಿ ಬರೂ ಹೊತ್ತಿಗೆ ಆಕಿಗೆ ಹೆಂಗ ತಿಳೀತೋ. ಕಂಬಾ ಅವಚಿಕೊಂಡ್ಲು. ಬಿಡಿಸಿದ್ರ ಬಿಡವಲ್ಲು. ಚೀರಿ ಚೀರಿ ಮಾರಿ ನೀಲಿಗಟ್ಟಿತು. ಟಿಕೀಟು ಕೊಡೂ ಮಲ್ಲಿಕಸಾಬ ಎದ್ದು ಬಂದು, ಬಿಡ್ರೆವ್ವಾ, ಕೂಸು ಸತ್ತೀತು ಅಂದ. ಗಾಡಿ ಬಂತು. ಅಲ್ಲೆ ಎರಡ ಮಿಂಟು ನಿಂದ್ರತಿತ್ತು. ಭರಮಿ ಡಬ್ಬಿ ಬಾಗಲದಾಗ ಖಾಲಿ ಕೈಲೆ ನಿಂತ್ಲು. ಆಕಿ ಮಾರಿ ನೋಡಾಕ ಆಗಲಿಲ್ಲ ನನಗ. ನೀ ಆಕಿ ಕಡೆ ಎರಡೂ ಕೈ ಚಾಚಿ ನಕ್ಕಿ. ಯಾರ ಕರದ್ರೂ ಹೋಗೂ ಕೂಸು ನೀ. ಕೊಟ್ಟಬಿಟ್ನಿ."

ನನಗೂ ಹ್ಞೂಂ ಬರಲಿಲ್ಲ. ಈ ಸಲ ಹೇಮಾ ಅಂದರು, ಸಣ್ಣಗೆ, ಜ್ವರದವರು ನರಳಿದ ಹಾಗೆ.

"ನೀ ಅಳಲಿಲ್ಲ. ಅದಕ. ಬ್ಯಾರೆ ಏನೂ ಇಲ್ಲವಾ. ಅತ್ತಿದ್ರ ಇಸ್ಕೊಳ್ಳತಿದ್ನಿ. ಗಾಡಿ ಕಣ್ಣಿಗೆ ಮರಿ ಆಗೂಮಟಾ ಕಿವಿ ಕೊಟ್ಟು ನಿಂತಿದ್ನಿ, ಈಗ ಅಳತಾಳ, ಈಗ ಅಳತಾಳ ಅಂತ. ಮುಂದ ಎಂಟು ದಿನ ಎದಿ ಹಾಲು ಕಟ್ಟಿ ಜ್ವರದಾಗ ಬಿದ್ದಿದ್ನಿ. ಹೊಳ್ಳಿ ಕೇಳೂಣು ಅಂದ್ರ, ಭರಮಿ ಆಗಲೇ ನಿನ್ನ ತೊಟ್ಟಿಲಕ್ಕ ಹಾಕಿ ಹೇಮಾ ಅಂತ ಹೊಸಾ ಹೆಸರಿಟ್ಟಿದ್ಲು."

"ಮತ್ತ ಇದನ್ನ ಇಷ್ಟು ದಿನ ಯಾಕ ಹೇಳಲಿಲ್ಲ? ನಾಲ್ಕನೇ ಹೆಣ್ಣು, ಬ್ಯಾಡಾಗಿತ್ತು ಅಂತ ಮಂದಿ ನನ್ನ ಮುಂದನ ಅಂತಿದ್ರು ಚಿಗವ್ವಾ."

"ಅನ್ನಲಿ ಅಂತ ಬಿಟ್ನಿ. ನಿನಗ ಹೇಳಿದ್ರ ತನುಜಾನ ಕಿವಿಗೆ ಬೀಳತೈತಿ. ಆಕಿ ಆ ಹಳದೀ ಫ್ರಾಕ್ ಹಾಕ್ಕೊಂಡ ನನ್ನ ಸಂಗಾಟ ಹೊಳ್ಳಿ ಬಂದಾಕಿ. ನನ್ನ ಬದಲಿ ತಂಗಿ ಹೋದ್ಲು ಅಂತ ತಿಳದ್ರ ಆಕಿ ನಿನ್ನ ಮಾರಿ ನೋಡತಾಳೇನು? ಮದ್ಲ ನೊಂದಾಕಿ. ಆಕಿ ಯಾವಾಗಲೂ ಮನ್ಯಾಗ ಇರತಿದ್ಲು, ನಾ ಯಾವಾಗ ಹೇಳ್ಲಿ? ಅದಕ ಚಾ ಮಾಡತಿದ್ನಿ."

ಫಕ್ಕೀರವ್ವ ಮತ್ತೆ ಎಲೆ ಎಣಿಸತೊಡಗಿದರು. ನಾನು ಕಟ್ಟಿದ್ದ ಶಾಪ, ಸಮುದ್ರ, ಕಾಡಿನ ಮುದುಕಿ ಎಲ್ಲ ನಾಚಿಕೆಯಾಗುವಷ್ಟು ದೂರ ಹೋಗಿದ್ದವು. ಎರಡು ನಿಮಿಷ ನಿಲ್ಲುವ ಒಂದು ರೈಲು, ನಗುವ ಒಂದು ಕೂಸು. ಹೇಮಾ ಅಳಲಿಲ್ಲ. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು, ಅಷ್ಟೆ. ಫ್ಯಾನ್ ಆರಿಸಿದ್ದು ನಾನೇ. ಎದ್ದು ಹಚ್ಚಿದೆ.

ಕೊನೆಗೆ ಒಪ್ಪಿಗೆಯ ಫಾರಂ ತುಂಬಿಸಬೇಕು. ಅದರಲ್ಲಿ ಮೂರು ಚೌಕ ಇವೆ. ಓದಿ ಹೇಳಿದೆ. ಮೊದಲನೆಯದು, ಯಾರು ಬೇಕಾದರೂ ಕೇಳಬಹುದು. ಎರಡನೆಯದು, ಮನೆಯವರು ಮಾತ್ರ ಕೇಳಬಹುದು. ಮೂರನೆಯದು, ಅಳಿಸಬೇಕು.

"ಮನೆಯವರು ಅಂದ್ರ ತನುಜಕ್ಕನೂ ಬರತಾಳಲ್ರಿ?"

"ಬರ್ತಾರ್ರಿ. ಕೇಳಿದ್ರ ಕೊಡಬೇಕಾಗ್ತೈತಿ."

"ಹಂಗಾರ ಮೂರನೇದು."

"ಮತ್ತೊಮ್ಮೆ ವಿಚಾರ ಮಾಡ್ರಿ," ಎಂದೆ. "ಆಯಿ ದನಿ ಇದರಾಗ ಐತಿ. ನಾಳೆ ನಿಮಗ ಬೇಕಾದ್ರೂ ಸಿಗೂದಿಲ್ಲ."

ಹೇಮಾ ಯೋಚಿಸಿದರು. ಇಪ್ಪತ್ತು ವರ್ಷ ಕೇಳಿ ಕೇಳಿ ಪಡೆದದ್ದು. ಪೆನ್ನು ಮೂರನೇ ಚೌಕದ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಗುರುತು ಹಾಕಿತು. ಫಕ್ಕೀರವ್ವ ಹೆಬ್ಬೆಟ್ಟು ಒತ್ತಿದರು. ನಾನು ಇಬ್ಬರ ಎದುರಿಗೇ ಗುಂಡಿ ಒತ್ತಿದೆ. ಅಳಿಸುವುದೂ ಒಂದು ಕ್ಷಣದ ಕೆಲಸ. ಇಡೀ ದಿನದ ತಿರುಗಾಟಕ್ಕೆ ಇವತ್ತು ಕಳಿಸಲು ಫೈಲ್ ಇಲ್ಲ.

ತನುಜಾ ಖಾರದ ಪೊಟ್ಟಣ ಹಿಡಿದು ಬಂದಳು. ಬಾಗಿಲಲ್ಲೇ ಇಬ್ಬರ ಮುಖ ಓದಿದಳು.

"ಏನಂದ್ಲು ಅವ್ವ? ಹೇಳಿದ್ಲೇನು?"

ಫಕ್ಕೀರವ್ವನ ಕೈ ನಿಂತಿತು. ನಾನು ವೈರು ಸುತ್ತುತ್ತ ನೆಲ ನೋಡಿದೆ.

"ಹೇಳಿದ್ಲಕ್ಕ," ಎಂದರು ಹೇಮಾ. "ಮಂದಿ ಅನ್ನೂದ ಖರೆ. ನಾಲ್ಕನೇದೂ ಹೆಣ್ಣಾತು. ಹೊರೆ ಆತು, ಕೊಟ್ಲು. ಅಷ್ಟ."

ತನುಜಾ ಪೊಟ್ಟಣ ಕೆಳಗಿಟ್ಟು ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಪ್ಪನ ಬುದ್ಧಿ ಅದು. ಅವ್ವಂದೇನೂ ನಡೀತಿರಲಿಲ್ಲ, ಆಕಿ ಮ್ಯಾಲೆ ಸಿಟ್ಟಾಗಬ್ಯಾಡ. ನನಗಾಗ ತಿಳಿವಳಿಕಿ ಇದ್ದಿದ್ರ ನಿನ್ನ ಬದಲಿ ನಾ ಹೋಗತಿದ್ನಿ ನೋಡು ತಂಗಿ, ಖರೇ ಹೇಳತೇನಿ."

"ಹೋಗತಿದ್ದಿ ಬಿಡು," ಎಂದರು ಹೇಮಾ. "ಖಾರಾ ಬಿಚ್ಚು. ಮುಂಜಾನಿಂದ ಹೊಟ್ಟಿಗಿಲ್ಲ."

ಸಂಜೆಯ ಹಾನಗಲ್ಲಿನ ಬಸ್ಸಿಗೆ ಇಬ್ಬರೂ ಹೊರಟೆವು. ಹೇಮಾ ಅವರಿಗೆ ಮರುದಿನ ಪೋಲಿಯೋ ಹನಿ ಹಾಕುವ ಕೆಲಸವಿತ್ತು. ಬಾಗಿಲವರೆಗೆ ಬಂದ ಫಕ್ಕೀರವ್ವ ಏನೋ ಹೇಳಲು ನೋಡಿದರು, ತನುಜಾ ಪಕ್ಕದಲ್ಲೇ ಇದ್ದಳು, ಹೇಮಾ ಅವರ ಕೆನ್ನೆ ಸವರಿ ಬಿಟ್ಟರು.

ಹಾದಿಯಲ್ಲಿ ತಡೆಯಲಾರದೆ ಕೇಳಿದೆ, "ಈಗ ಹಗುರ ಆತೇನ್ರಿ?"

"ಇಲ್ರಿ," ಎಂದರು. "ಮದ್ಲ ಸಿಟ್ಟಾದ್ರೂ ಇತ್ತು, ಯಾರ ಮ್ಯಾಲಾದ್ರೂ ಹಾಕತಿದ್ದೆ. ಈಗ ಯಾರ ಮ್ಯಾಲೆ ಹಾಕ್ಲಿ? ಅಕ್ಕನ ಮುಂದ ಬಾಯಿ ಬಿಡೂಹಂಗಿಲ್ಲ. ಅವ್ವ ನೋಡ್ರಿ, ಮೂವತ್ತೇಳು ವರ್ಷ ಹೊತ್ತಾಳ. ಇನ್ನ ನಂದು ಸುರು." ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಅಂದರು, "ಆದ್ರ ಬ್ಯಾಡಾಗಿ ಕೊಟ್ಟಿರಲಿಲ್ಲ."

ಅವರು ಫಕ್ಕೀರವ್ವನಿಗೆ ಅವ್ವ ಅಂದಿದ್ದರು. ಗಮನಿಸಿದ ಹಾಗೆ ಕಾಣಲಿಲ್ಲ. ನಾನೂ ಎತ್ತಿ ಹೇಳಲಿಲ್ಲ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಂಡಕ್ಟರ್ ನಮ್ಮತ್ತ ಬರುವ ಮೊದಲೇ ಹೇಮಾ ಆಧಾರ್ ಕಾರ್ಡನ್ನು ನನ್ನ ಕೈಗಿಟ್ಟು ಕಣ್ಣು ಮುಚ್ಚಿದರು. ಊರು ದಾಟುವ ಮುಂಚೆಯೇ ನಿದ್ದೆ ಹತ್ತಿತ್ತು. ಬಸ್ಸು ಗುಂಡಿಗೆ ಬಿದ್ದಾಗ ತಲೆ ನನ್ನ ಹೆಗಲಿಗೆ ಜಾರಿತು, ಅಲ್ಲೇ ಉಳಿಯಿತು. ಅಂಬರೀಶ ಸರ್ ಅವರದೇ ಇರಬೇಕು, ನನ್ನ ಫೋನು ಚೀಲದೊಳಗೆ ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಭುಜ ಅಲುಗಾಡಿಸಿದರೆ ಎಚ್ಚರವಾದೀತೆಂದು ತೆಗೆಯಲಿಲ್ಲ. ಬಂಕಾಪುರ ದಾಟುವಾಗ ಭುಜ ಜೋಮು ಹಿಡಿದಿತ್ತು. ಅಕ್ಕಿಆಲೂರಿಗೆ ಅವರು ಹಾನಗಲ್ಲಿನಲ್ಲಿ ಬಸ್ಸು ಬದಲಿಸಬೇಕು, ಆಗ ಎಬ್ಬಿಸಿದರಾಯಿತು ಎಂದು ಹಾಗೇ ಕೂತಿದ್ದೆ.